ಲೆಕ್ಕವನ್ನು ಹಗಲು ಹೊತ್ತು ಬರೆಯಿರಿ

ಬಂದ ಪತ್ರಗಳಲ್ಲಿ ಈ ವಾರ ಒಂದನ್ನೇ ಎತ್ತಿಕೊಂಡಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬಾರದು. ಸೊಸೆ ಮಾತು ಬಿಟ್ಟಿದ್ದಾಳೆ ಎಂದು ಬರೆದ ಸಿರುಗುಪ್ಪದ ತಾಯಿಯವರೇ, ನಿಮ್ಮದು ಮುಂದಿನ ವಾರಕ್ಕೆ. ಅಷ್ಟರೊಳಗೆ ನೀವೇ ಒಮ್ಮೆ ಮಾತಾಡಿಸಿ ನೋಡಿದರೆ ನನ್ನ ಕೆಲಸವೂ ಕಡಿಮೆಯಾದೀತು.

ಈ ಪತ್ರ ಕೊಪ್ಪಳ ಜಿಲ್ಲೆಯ ಭತ್ತದ ಸೀಮೆಯಿಂದ ಬಂದದ್ದು. ಊರಿನ ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಗಂಗಾವತಿಯಿರಬಹುದು, ಕಾರಟಗಿಯಿರಬಹುದು, ಬಸ್ಸಿಳಿದ ಕೂಡಲೇ ಹೊಟ್ಟಿನ ಧೂಳು ಕಣ್ಣಿಗೆ ಬೀಳುವ ಊರು ಅಂದರೆ ಸಾಕು. ವಯಸ್ಸು 36. ಕಲಬುರಗಿಯಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ರೈಸ್‌ಮಿಲ್ ಮನೆತನಕ್ಕೆ ಸೊಸೆಯಾಗಿ ಬಂದವರು. ಮಿಲ್ಲು ಗಂಡ ಮತ್ತು ಮೈದುನನ ಪಾಲುದಾರಿಕೆಯದು. ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ಗಂಡ ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಅತ್ತೆ ಜೊತೆಗಿದ್ದಾರೆ, ಕಾಟ ಕೊಡುವವರಲ್ಲ. "ಎಲ್ಲಾ ಐತ್ರಿ ಅಕ್ಕಾರ, ಆದ್ರ ಒಳಗ ಖಾಲಿ ಖಾಲಿ ಅನಸ್ತೈತಿ. ಯಾತಕ್ಕ ಬದುಕಾಕತ್ತೀನಿ ಅಂತ ತಿಳಿವಲ್ದು. ನನ್ನ ಜೀವನದ ಉದ್ದೇಶ ಏನು?"

ತಂಗಿ, ಮೊದಲು ಒಂದು ಮಾತು ಮುಗಿಸಿಬಿಡುತ್ತೇನೆ. "ಯಾತಕ್ಕ ಬದುಕಾಕತ್ತೀನಿ" ಎಂಬ ಸಾಲು ಯಾರ ಪತ್ರದಲ್ಲಿ ಬಂದರೂ ನಾನು ಊಟದ ಸುದ್ದಿ, ನಿದ್ದೆಯ ಸುದ್ದಿ ಎಲ್ಲಿದೆ ಎಂದು ಹುಡುಕುತ್ತೇನೆ. ನಿಮಗೆ ಹಸಿವಾಗುತ್ತದೆ, ಮಲಗಿದರೆ ನಿದ್ದೆ ಬರುತ್ತದೆ, ಮಕ್ಕಳ ಜೊತೆ ನಗುತ್ತೀರಿ, ಸಾಯುವ ಯೋಚನೆ ಬಂದಿಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಾಗಿ ಮುಂದಕ್ಕೆ ಹೋಗುತ್ತೇನೆ. ಇದನ್ನು ಓದುತ್ತಿರುವ ಯಾರಿಗಾದರೂ ವಾರಗಟ್ಟಲೆ ಅನ್ನ ಸೇರದೆ, ನಿದ್ದೆ ಹತ್ತದೆ, ಜೀವ ಬೇಡವೆನಿಸಿದ್ದರೆ ಈ ಅಂಕಣ ಓದುತ್ತ ಕೂರಬೇಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ನಡುರಾತ್ರಿಯಲ್ಲೂ ಎತ್ತುತ್ತಾರೆ.

ಈಗ ನೀವು ಉದ್ದೇಶ ಹುಡುಕಿಕೊಂಡು ಹೋದ ಕಥೆಗೆ ಬರೋಣ. ಐದಕ್ಕೆದ್ದು ಧ್ಯಾನ ಮಾಡಿದ್ದೀರಿ. ಮೊಬೈಲಿನಲ್ಲಿ ಪ್ರವಚನ ಕೇಳಿದ್ದೀರಿ. ಬಣ್ಣ ತಂದು ಚಿತ್ರ ಬರೆದಿದ್ದೀರಿ, ಅವು ಅಟ್ಟ ಸೇರಿವೆ. ಹವ್ಯಾಸ ಬೆಳೆಸಿಕೊಳ್ಳಿ ಎಂದು ಹೆಣ್ಣುಮಕ್ಕಳಿಗೆ ಹೇಳುವವರ ಬಗ್ಗೆ ನನ್ನ ಅಭಿಪ್ರಾಯ ಈ ಅಂಕಣದ ಓದುಗರಿಗೆ ಗೊತ್ತೇ ಇದೆ, ಮತ್ತೆ ಶುರು ಮಾಡುವುದಿಲ್ಲ. ಕೊನೆಗೆ ಬೆಂಗಳೂರಿನ ಯಾರೋ ತರಬೇತಿದಾರರ ಆನ್‌ಲೈನ್ ಶಿಬಿರ ಸೇರಿದ್ದೀರಿ. ಶುಲ್ಕ ಎಷ್ಟೆಂದರೆ, "10,000, ಮ್ಯಾಲೆ ಜಿಎಸ್‌ಟಿ 1,800." ಇಲ್ಲಿ ನನ್ನ ಕಣ್ಣು ನಿಂತಿತು. ಒಳಗೆಲ್ಲ ಖಾಲಿ ಎಂದು ಅಳುವ ಹೆಣ್ಣುಮಗಳು ಶುಲ್ಕದಿಂದ ತೆರಿಗೆಯನ್ನು ಬಿಡಿಸಿ ಬರೆಯುತ್ತಾಳೆಯೇ? ಯಾರಪ್ಪ ಈಕೆ ಅನ್ನಿಸಿತು.

ಆ ಶಿಬಿರದಲ್ಲಿ ನಾಲ್ಕು ವೃತ್ತ ಕೊಟ್ಟು ತುಂಬಿಸಿದರಂತೆ. ನಿಮಗೆ ಇಷ್ಟವಾದದ್ದು, ನಿಮಗೆ ಚೆನ್ನಾಗಿ ಬರುವುದು, ಲೋಕಕ್ಕೆ ಬೇಕಾದದ್ದು, ದುಡ್ಡು ತರುವುದು. ನಾಲ್ಕೂ ಕೂಡುವ ನಡುಜಾಗವೇ ಇಕಿಗಾಯ್, ಜಪಾನಿನ ಹಿರಿಯರು ನೂರು ವರ್ಷ ಬದುಕುವ ಗುಟ್ಟು ಎಂದರಂತೆ. ಇಕಿಗಾಯ್ ಎಂಬ ಮಾತು ಜಪಾನಿನದು, ನಿಜ. ಆ ನಾಲ್ಕು ವೃತ್ತ ಅಲ್ಲಿಯದಲ್ಲ. ಅದನ್ನು ಬಿಡಿಸಿದವರು ಆಂದ್ರೆಸ್ ಸುಸುನಾಗಾ ಎಂಬ ಸ್ಪೇನಿನ ಜ್ಯೋತಿಷಿ. 2014ರಲ್ಲಿ ಮಾರ್ಕ್ ವಿನ್ ಎಂಬವರು ತಮ್ಮ ಬ್ಲಾಗಿನಲ್ಲಿ ಅದೇ ಚಿತ್ರದ ನಡುವೆ ಇಕಿಗಾಯ್ ಎಂದು ಬರೆದರು. ಅಲ್ಲಿಂದ ಅದು ಲೋಕವೆಲ್ಲ ಸುತ್ತಿ ತುಂಗಭದ್ರಾ ಎಡದಂಡೆಗೆ ಬಂದಿದೆ, ಶೇ 18 ಜಿಎಸ್‌ಟಿ ಸಮೇತ.

ಆದರೂ ಆ ಹಾಳೆ ಪೂರ್ತಿ ದಂಡವಾಗಿಲ್ಲ. 'ಚೆನ್ನಾಗಿ ಬರುವುದು' ಎಂಬಲ್ಲಿ ಮೊದಲು 'ಲೆಕ್ಕ' ಎಂದು ಬರೆದು, ಹೊಡೆದುಹಾಕಿ, 'ಅಡುಗೆ' ಎಂದು ಬರೆದಿರಿ. ದುಡ್ಡಿನ ವೃತ್ತವನ್ನು ಖಾಲಿ ಬಿಟ್ಟಿರಿ. ತರಬೇತಿದಾರರು ಖಾಲಿ ವೃತ್ತ ನೋಡಿ ಎರಡನೇ ಹಂತದ ಶಿಬಿರಕ್ಕೆ ಬನ್ನಿ ಎಂದರು. ಹೊಡೆದುಹಾಕಿದ್ದು ಯಾಕೆ ಎಂದು ಅವರು ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ.

ನಿಮ್ಮ ಪತ್ರ ಆರು ಪುಟ. ಧ್ಯಾನಕ್ಕೆ ಒಂದು ಪುಟ ಕೊಟ್ಟಿದ್ದೀರಿ, ಶಿಬಿರಕ್ಕೆ ಒಂದೂವರೆ. ಐದನೇ ಪುಟದ ನಡುವೆ, ಅದೂ ಆವರಣ ಚಿಹ್ನೆಯೊಳಗೆ, ಒಂದು ಮಾತು ತುರುಕಿದ್ದೀರಿ: "(ರಾತ್ರಿ ಹುಡುಗ್ರು ಮಲಗಿದ ಮ್ಯಾಲೆ ಮಿಲ್ಲಿನ ಲೆಕ್ಕ ಸ್ವಲ್ಪ ನೋಡ್ತೀನಿ. ಅದೇನ್ ದೊಡ್ಡದಲ್ಲ.)"

ದೊಡ್ಡದಲ್ಲ! ನಾಲ್ಕು ವರ್ಷದ ಹಿಂದೆ ಹಳೆ ಗುಮಾಸ್ತರು ಕಣ್ಣು ಮಂಜಾಗಿ ಮನೆಗೆ ಹೋದರು. ಹೊಸಬರು ಸಿಗುವ ತನಕ ನೋಡಿಕೋ ಎಂದರು ಗಂಡ. ಹೊಸಬರು ಸಿಗಲಿಲ್ಲ, ಯಾಕೆಂದರೆ ಹುಡುಕಲಿಲ್ಲ. ಅಂದಿನಿಂದ ದಲಾಲಿ ಅಂಗಡಿಯಿಂದ ಬಂದ 75 ಕೆ.ಜಿ. ಚೀಲದ ಭತ್ತ, ಹಮಾಲಿ, ಲಾರಿ ಬಾಡಿಗೆ, ಅಕ್ಕಿ, ನುಚ್ಚು, ತೌಡು, ಸರಕು ಸಾಗಿಸಲು ಇ-ವೇ ಬಿಲ್, 11ನೇ ತಾರೀಕಿನ ಜಿಎಸ್‌ಟಿ ರಿಟರ್ನ್, 20ನೇ ತಾರೀಕಿನ ರಿಟರ್ನ್, ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲಕ್ಕೆ ತಿಂಗಳು ತಿಂಗಳು ಕೊಡಬೇಕಾದ ದಾಸ್ತಾನು ಪಟ್ಟಿ, ಎಲ್ಲವನ್ನೂ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೀವು ಬರೆಯುತ್ತಿದ್ದೀರಿ. 2022ರ ಜುಲೈ 18ರಿಂದ 25 ಕೆ.ಜಿ. ವರೆಗಿನ ಪೊಟ್ಟಣದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತಲ್ಲ, ಆಗ ಆದೇಶವನ್ನು ಓದಿ, 26 ಕೆ.ಜಿ. ಚೀಲ ಹೊಲಿಸಿದರೆ ಇದು ತಾಗುವುದಿಲ್ಲ ಎಂದು ಮನೆಯಲ್ಲಿ ಮೊದಲು ಹೇಳಿದ್ದು ನೀವು. ಇದನ್ನೂ ಆವರಣದೊಳಗೇ ಬರೆದಿದ್ದೀರಿ.

ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆ ಇದೆ. ಅದರಲ್ಲಿ ಮನೆಯ ವ್ಯವಹಾರದಲ್ಲಿ ಸಂಬಳವಿಲ್ಲದೆ ದುಡಿಯುವವರಿಗೆ ಒಂದು ಸಾಲು ಇಟ್ಟು, ಅವರನ್ನೂ ಉದ್ಯೋಗದಲ್ಲಿರುವವರು ಎಂದೇ ಎಣಿಸುತ್ತಾರೆ. ದಿಲ್ಲಿಯ ಲೆಕ್ಕದಲ್ಲಿ ನೀವು ಕೆಲಸದಲ್ಲಿದ್ದೀರಿ. ನಿಮ್ಮ ಲೆಕ್ಕದಲ್ಲಿ ಇಲ್ಲ. ಮನೆಗೆಲಸ ಇದರ ಮೇಲೆ ಬೇರೆ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಆ 289 ಮುಗಿದ ಮೇಲೆ ಲ್ಯಾಪ್‌ಟಾಪಿನಲ್ಲಿ ನಿಮ್ಮ ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆಯುತ್ತದೆ.

ಮುಂದಿನ ಸಂಗತಿಗೆ ಬರುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಕೊಂಡು ಹೋಯಿತು. ಆ ರಾತ್ರಿ ನಮ್ಮ ಸೀಮೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ತುಂಬಿ ನಿಂತಿದ್ದ ಡ್ಯಾಮಿನ ನೀರು ಕಣ್ಣೆದುರೇ ಹೊಳೆಗೆ ಹೋಗುತ್ತಿತ್ತು. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ಅದನ್ನು ನಿಲ್ಲಿಸಲು ಒಂದು ವಾರ ಬೇಕಾಯಿತು. ನಿಮ್ಮ ಮನೆಯಲ್ಲಿ ಗಂಡ, ಮೈದುನ ಇಬ್ಬರೂ ಫೋನ್ ಹಿಡಿದು ಅಂಗಳದಲ್ಲಿ ಅಡ್ಡಾಡುತ್ತಿದ್ದಾಗ ನೀವು ಒಳಗೆ ಕುಳಿತು, ಗೋದಾಮಿನಲ್ಲಿ ಎಷ್ಟು ಚೀಲ ಇದೆ, ಎರಡನೇ ಬೆಳೆಗೆ ನೀರು ಸಿಗದಿದ್ದರೆ ಮಿಲ್ಲು ಎಷ್ಟು ತಿಂಗಳು ಓಡುತ್ತದೆ, ಬ್ಯಾಂಕಿನ ಕಂತಿಗೆ ಎಲ್ಲಿಂದ ತರುವುದು, ಹಮಾಲರಿಗೆ ಎಷ್ಟು ದಿನ ಕೆಲಸ ಕೊಡಬಹುದು ಎಂದು ಬೆಳಗಿನ ಜಾವದೊಳಗೆ ಒಂದು ಹಾಳೆ ಮಾಡಿದಿರಿ. ಗಂಡ ಅದನ್ನು ನೋಡಿ, "ಆತು ಬಿಡು, ಏನೂ ಆಗೂದಿಲ್ಲ" ಎಂದು ಮಲಗಿದರು. ನೀವು ಬರೆದ ಮಾತು: "ಅವತ್ತೊಂದಿನ ಮಾತ್ರ ಖಾಲಿ ಅನ್ನಿಸಿರ್ಲಿಲ್ಲ, ಯಾಕೋ ಏನೋ."

ಯಾಕೋ ಏನೋ ಅಲ್ಲ, ತಂಗಿ. ಅವತ್ತು ನಿಮ್ಮ ಕೆಲಸ ಎಲ್ಲರ ಕಣ್ಣೆದುರು ನಡೆಯಿತು. ಅದಕ್ಕಾಗಿ ಜನ ಕಾಯುತ್ತಿದ್ದರು. ನಾನು ಎಷ್ಟೋ ಸಲ ಬರೆದಿರುವ ಮಾತನ್ನೇ ಮತ್ತೆ ಬರೆಯುತ್ತೇನೆ: ಜೀವನದ ಉದ್ದೇಶ ಕಣ್ಣು ಮುಚ್ಚಿ ಕುಳಿತರೆ ಸಿಗುವುದಿಲ್ಲ. ನೀವು ಬಾರದಿದ್ದರೆ ಯಾರ ಕೆಲಸ ನಿಲ್ಲುತ್ತದೋ ಅಲ್ಲಿ ಅದು ಇರುತ್ತದೆ. ನಿಮ್ಮದು ನಿಮ್ಮ ಊಟದ ಮೇಜಿನ ಮೇಲೇ ಇದೆ. ಕದ್ದು ಮಾಡುವಂತೆ ಅದನ್ನು ರಾತ್ರಿ ಮಾಡಿಸುತ್ತಿದ್ದಾರೆ, ನೀವೂ ಹಾಗೇ ಮಾಡುತ್ತಿದ್ದೀರಿ.

ಇನ್ನು ತೌಡಿನ ಪ್ರಕರಣ. ಕ್ವಿಂಟಲ್ ಭತ್ತ ಮಿಲ್ ಮಾಡಿದರೆ ಸುಮಾರು 20 ಕೆ.ಜಿ. ಹೊಟ್ಟು, ಏಳೆಂಟು ಕೆ.ಜಿ. ತೌಡು ಬೀಳುತ್ತದೆ. ಹೋದ ವರ್ಷ ಅರೆದ ಭತ್ತಕ್ಕೂ ಮಾರಿದ ತೌಡಿಗೂ ಬಂದ ಹಣಕ್ಕೂ ತಾಳೆಯಾಗುತ್ತಿಲ್ಲ ಎಂದು ನೀವು ಹಿಡಿದಿರಿ. ಕಳವು ಎಂದು ನೀವು ಹೇಳಲಿಲ್ಲ. ರಸಾಯನಶಾಸ್ತ್ರ ಓದಿದವರು, ನಿಮಗೆ ಇನ್ನೊಂದು ಕಾರಣವೂ ಹೊಳೆದಿತ್ತು. ತೌಡು ಅಕ್ಕಿಯಿಂದ ಬೇರೆಯಾದ ಗಳಿಗೆಯಿಂದ ಅದರೊಳಗಿನ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆ, ಕೆಲವು ದಿನ ಗೋದಾಮಿನಲ್ಲಿ ಬಿದ್ದರೆ ಕಮಟಾಗಿ ಎಣ್ಣೆ ತೆಗೆಯುವ ಸಾಲ್ವೆಂಟ್ ಘಟಕದವರು ದರ ಇಳಿಸುತ್ತಾರೆ. ಲಾರಿ ತಡವಾಗಿ ಹೋಗುತ್ತಿರಬಹುದು, ದಿನಾ ಎತ್ತಿಸಿದರೆ ಸರಿಹೋದೀತು ಎಂದು ಸೌಮ್ಯವಾಗಿಯೇ ಹೇಳಿದಿರಿ. ತೌಡಿನ ವ್ಯವಹಾರ ಮೈದುನನದು. ಆತ ತಟ್ಟೆ ಬಿಟ್ಟು ಎದ್ದ. ಅತ್ತೆ ಅಡುಗೆಮನೆಗೆ ಕರೆದು, "ಮನಿ ಒಡಿಯೂ ಕೆಲಸ ಬ್ಯಾಡವ್ವ" ಎಂದರು. ಆಮೇಲೆ ನೀವು ಲೆಕ್ಕ ಬರೆದಿರಿ, ಅದರ ಬಗ್ಗೆ ಬಾಯಿ ಬಿಡಲಿಲ್ಲ.

ಅತ್ತೆಯನ್ನು ನಾನು ಬಯ್ಯುವುದಿಲ್ಲ. ಎರಡು ಗಂಡುಮಕ್ಕಳ ನಡುವೆ ಪಾಲುದಾರಿಕೆ ಇರುವ ತಾಯಿ ಹೆದರುವುದು ಸಹಜ. ಮೈದುನ ತಟ್ಟೆ ಬಿಟ್ಟು ಎದ್ದದ್ದು ಬರೀ ಹುಡುಗಾಟಿಕೆ, ಹಸಿವಾದಾಗ ಉಂಡಿರುತ್ತಾನೆ. ಗಂಡನ ಮೇಲೂ ನನಗೆ ಅಂಥ ಸಿಟ್ಟಿಲ್ಲ, ಪುಕ್ಕಟೆ ಸಿಕ್ಕ ಸವಲತ್ತನ್ನು ತಾವಾಗಿ ಬಿಟ್ಟುಕೊಟ್ಟವರು ಕಡಿಮೆ.

ನನಗೆ ಸಿಟ್ಟು ಬಂದದ್ದು ನಿಮ್ಮ ಆಡಿಟರ್ ಮೇಲೆ. ನಿಮ್ಮ ಪತ್ರದಲ್ಲಿ ಅವರಿಗೆ ಸಿಕ್ಕಿರುವುದು ಮೂರೇ ಸಾಲು. ದೀಪಾವಳಿಯ ಲಕ್ಷ್ಮೀಪೂಜೆಗೆ ಬಂದರು. ಪೂಜೆಗಿಟ್ಟ ಖಾತೆ ಪುಸ್ತಕದ ಮುಂದೆ ಕುಳಿತು, "ಈ ವರ್ಷ ಸಣ್ಣ ಸಾವ್ಕಾರ್ರು ಲೆಕ್ಕ ಭಾಳ ಚಲೋ ಇಟ್ಟಾರ" ಎಂದು ಮೈದುನನ ಬೆನ್ನು ತಟ್ಟಿದರು. ಆರತಿ ತಟ್ಟೆ ಹಿಡಿದು ನಿಂತವರು ನೀವು. ಆ ಮನುಷ್ಯನಿಗೆ ಗೊತ್ತಿಲ್ಲವೇ? ರಾತ್ರಿ ಹನ್ನೊಂದಕ್ಕೆ ಅವರ ಪ್ರಶ್ನೆ ನಿಮ್ಮ ಗಂಡನ ವಾಟ್ಸ್‌ಆ್ಯಪಿಗೆ ಬರುತ್ತದೆ, ಐದು ನಿಮಿಷದಲ್ಲಿ ಉತ್ತರ ಹೋಗುತ್ತದೆ. ಗಂಡಸರಿಬ್ಬರಿಗೂ ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಎಂದು ಅಷ್ಟು ಬೇಗ ಹೊಳೆಯುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಮನೆಯವರು ಕುರುಡಾಗುವುದು ಬಳಕೆಯಿಂದ. ಆಡಿಟರ್‌ಗೆ ಕಂಡದ್ದನ್ನು ಕಂಡ ಹಾಗೆ ಹೇಳುವುದೇ ಕಸುಬು, ಅದಕ್ಕೇ ಫೀಸು ತೆಗೆದುಕೊಳ್ಳುತ್ತಾರೆ. ಯಾರು ಬರೆದದ್ದು ಎಂಬ ಒಂದು ಸಂಗತಿ ಬಂದಾಗ ಅವರಿಗೆ ಕಾಣದೆ ಹೋಯಿತು. ನಿಮ್ಮ ಖಾಲಿತನ ಎಂದಿನಿಂದ ಎಂದು ನೀವು ಬರೆದಿಲ್ಲ, ನಾನು ಪತ್ರವನ್ನು ಹಿಂದೆ ಮುಂದೆ ಓದಿ ಲೆಕ್ಕ ಹಾಕಿದೆ. ಧ್ಯಾನ ಶುರುವಾದದ್ದು ಆ ದೀಪಾವಳಿಯ ಮುಂದಿನ ತಿಂಗಳು.

ನಿಮ್ಮ ಮಿಲ್ಲಿನ ಆಫೀಸಿನಲ್ಲಿ "ಕಾಯಕವೇ ಕೈಲಾಸ" ಎಂಬ ಬೋರ್ಡು ಇದೆ ಎಂದು ಪಣ ಕಟ್ಟಬಲ್ಲೆ. ಈ ಸೀಮೆಯಲ್ಲಿ ಅದಿಲ್ಲದ ಆಫೀಸು ಅಪರೂಪ. ಕೆಳಗೆ ಬಸವಣ್ಣನ ಚಿತ್ರ ಇರುತ್ತದೆ, ಮಾತು ಮಾತ್ರ ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಮಾರಯ್ಯ, ಆತನ ಹೆಂಡತಿ ಲಕ್ಕಮ್ಮ ಇಬ್ಬರೂ ನಮ್ಮವರೇ, ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ದಿನಕ್ಕಿಂತ ಹೆಚ್ಚು ತಂದ. ಇಷ್ಟು ಅಕ್ಕಿಯ ಆಸೆ ನಿಮಗೇಕೆ, ಹೆಚ್ಚಿನದನ್ನು ತಿರುಗಿ ಚೆಲ್ಲಿ ಬನ್ನಿ ಎಂದು ಲಕ್ಕಮ್ಮ ಕಳಿಸಿದಳು. ಇದನ್ನು ಎಲ್ಲರೂ ದುರಾಸೆಯ ವಿರುದ್ಧದ ಕಥೆಯಾಗಿ ಹೇಳುತ್ತಾರೆ, ಹೇಳಲಿ. ನನಗೆ ಕಾಣುವುದು ಬೇರೆ. ತಂದವನಿಗೆ ಅಳತೆ ಗೊತ್ತಾಗಲಿಲ್ಲ, ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಗೊತ್ತಾದದ್ದನ್ನು ಗಂಡನ ಮುಖಕ್ಕೇ ಹೇಳಿದಳು. ಮನೆ ಒಡೆಯಲಿಲ್ಲ. ಮಾರಯ್ಯ ಕಾಯಕ ಬಿಟ್ಟು ಶರಣರ ಜೊತೆ ಮಾತಿಗೆ ಕುಳಿತಾಗ ಎಬ್ಬಿಸಿ ಕಳಿಸಿದವಳೂ ಅವಳೇ. ಎಂಟುನೂರು ವರ್ಷದ ಮೇಲೂ ಆಕೆಯ ವಚನಗಳು ಆಕೆಯ ಹೆಸರಿನಲ್ಲಿ ಉಳಿದಿವೆ. ಅಕ್ಕಿಯ ಲೆಕ್ಕ ಹಿಡಿಯುವ ಹೆಂಗಸು ಈ ನೆಲಕ್ಕೆ ಹೊಸಬಳಲ್ಲ, ತಂಗಿ.

ಇನ್ನು ನೀವು ಮಾಡಬೇಕಾದದ್ದು. ಒಂದೇ ಕೆಲಸ ಹೇಳುತ್ತೇನೆ, ಎರಡನೆಯದು ಇಲ್ಲ.

ಸೋಮವಾರ ಮಕ್ಕಳು ಶಾಲೆಗೆ ಹೋದ ಮೇಲೆ ಲ್ಯಾಪ್‌ಟಾಪ್ ತೆಗೆದುಕೊಂಡು ಮಿಲ್ಲಿಗೆ ಹೋಗಿ. ಗುಮಾಸ್ತರು ಕೂರುತ್ತಿದ್ದ ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆಯಿರಿ. ಮಕ್ಕಳು ಬರುವ ಹೊತ್ತಿಗೆ ಎದ್ದು ಬನ್ನಿ, ಲ್ಯಾಪ್‌ಟಾಪ್ ಅಲ್ಲೇ ಬೀರುವಿನಲ್ಲಿಟ್ಟು ಬೀಗ ಹಾಕಿ. ರಾತ್ರಿ ಮನೆಯಲ್ಲಿ ಒಂದು ಅಂಕಿಯನ್ನೂ ಬರೆಯಬೇಡಿ.

ತೌಡಿನ ಮಾತು ಎತ್ತಬೇಡಿ, ದೀಪಾವಳಿಯ ಮಾತೂ ಬೇಡ. ಗಂಡನ ಅಪ್ಪಣೆ ಕೇಳಬೇಡಿ, ಭಾನುವಾರ ರಾತ್ರಿ ತಿಳಿಸಿ ಸಾಕು. "ಮಿಲ್ಲಿನ್ಯಾಗ ಬರೀ ಗಂಡಸರು, ಹಮಾಲರು ಇರ್ತಾರ" ಎಂದು ಅವರು ಹೇಳುತ್ತಾರೆ. ಹಮಾಲರ ಜೊತೆ ಅವರ ಮನೆಯ ಹೆಂಗಸರೂ ನಿಮ್ಮ ಅಂಗಳದಲ್ಲಿ ಭತ್ತ ಹರವುತ್ತಾರೆ, ಅದು ಯಾರಿಗೂ ಕಾಣುವುದಿಲ್ಲವೋ ಏನೋ. ಅತ್ತೆಗೆ ಮಧ್ಯಾಹ್ನದ ಊಟದ ಚಿಂತೆ ಬರುತ್ತದೆ. ಬೆಳಿಗ್ಗೆಯೇ ಮಾಡಿಟ್ಟು ಹೋಗಿ. ಮೈದುನ ಮುಖ ಊದಿಸಿಕೊಳ್ಳುತ್ತಾನೆ. ಊದಿಸಿಕೊಳ್ಳಲಿ. ಯಾರಾದರೂ ಗಟ್ಟಿಯಾಗಿ ಬೇಡ ಎಂದರೆ ವಾದಕ್ಕಿಳಿಯಬೇಡಿ. 20ನೇ ತಾರೀಕು ಬರುತ್ತದೆ, ರಿಟರ್ನ್ ಹೋಗಬೇಕು, ತಡವಾದರೆ ದಂಡ. ಬೇಡ ಎಂದವರು ತುಂಬಲಿ ಎಂದು ಸುಮ್ಮನಿರಿ. ಇದನ್ನು ಹಟ ಅನ್ನುತ್ತಾರೆ, ಅನ್ನಿಸಿಕೊಳ್ಳಿ.

ಸಂಬಳದ ವಿಚಾರ ಇದರಲ್ಲೇ ಸೇರಿಸಿ ಕೇಳುತ್ತೀರಿ ಎಂದು ಗೊತ್ತು. ಈಗಲೇ ಬೇಡ. ಹಗಲಿನಲ್ಲಿ ಕೂತವರಿಗೆ ಸಂಬಳ ಎಷ್ಟು ಎಂಬ ಪ್ರಶ್ನೆ ತಾನೇ ಏಳುತ್ತದೆ, ಊಟದ ಮೇಜಿಗೆ ಯಾರೂ ಸಂಬಳ ಗೊತ್ತು ಮಾಡುವುದಿಲ್ಲ. ಅದು ಎದ್ದ ದಿನ, ಗಂಡನಿಗೆ ದೊಡ್ಡ ಪಾಲಿರುವ ವ್ಯವಹಾರದಿಂದ ಹೆಂಡತಿಗೆ ಸಂಬಳ ಕೊಟ್ಟರೆ ತೆರಿಗೆಗೆ ಅದನ್ನು ಗಂಡನ ಆದಾಯಕ್ಕೇ ಸೇರಿಸುತ್ತಾರೆ ಎಂದು ಹೆದರಿಸುತ್ತಾರೆ. ಕಾನೂನು ಹಾಗಿದೆ, ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯಿಂದ ದುಡಿದದ್ದಕ್ಕೆ ವಿನಾಯಿತಿಯೂ ಇದೆ. ಸೇರಿದರೆ ಸೇರಲಿ. ತೆರಿಗೆ ಯಾರ ಹೆಸರಿನಲ್ಲಿ ಹೋದರೂ ಸಂಬಳ ಬೀಳುವುದು ನಿಮ್ಮ ಬ್ಯಾಂಕ್ ಖಾತೆಗೆ.

ಎರಡನೇ ಹಂತದ ಶಿಬಿರಕ್ಕೆ ಮುಂಗಡ ಕಟ್ಟಿದ್ದರೆ ವಾಪಸ್ ಕೇಳಿ. ಕೊಡಲಿಲ್ಲವೆಂದರೆ ಹೋದದ್ದು ಹೋಯಿತು, ಬೆನ್ನು ಹತ್ತಬೇಡಿ.

ಸೋಮವಾರವೋ ಮಂಗಳವಾರವೋ ಆಡಿಟರ್ ಆಫೀಸಿನ ಫೋನಿಗೆ ಮಾಡುತ್ತಾರೆ. ನೀವೇ ಎತ್ತಿ. "ಸಣ್ಣ ಸಾವ್ಕಾರ್ರಿಗೆ ಕೊಡ್ರಿ, ಲೆಕ್ಕದ್ದು ಕೇಳೂದೈತಿ" ಅನ್ನುತ್ತಾರೆ. "ಏನ್ ಬೇಕು ಹೇಳ್ರಿ, ಬರದಾಕಿ ನಾನ" ಅನ್ನಿ.